ಪುಸ್ತಕದಲ್ಲಿಲ್ಲದ ಅಕ್ಕ

ಚಳಿ ಹಿಂದೆ ಸರಿಯುತ್ತಿತ್ತು, ಆದರೆ ಇನ್ನೂ ಹೊಸಿಲು ದಾಟಿರಲಿಲ್ಲ. ಬೆಳಗ್ಗೆ ದೊಡ್ಡಿಯ ಗೋಡೆಯ ಮಗ್ಗುಲಲ್ಲಿ ನೆಲ ಕಲ್ಲಿನಂತೆ ಗಟ್ಟಿಯಾಗಿರುತ್ತಿತ್ತು. ಬಿಸಿಲೇರಿದ ಮೇಲೆ ಅದೇ ನೆಲ ಕಾಲಿಗೆ ಮೆತ್ತಿಕೊಂಡು ಮನೆಯೊಳಗೆ ಬರುತ್ತಿತ್ತು. ಕುರಿಗಳು ಮರಿ ಹಾಕುವ ಕಾಲ. ಈ ದಿನಗಳಲ್ಲಿ ಅಕ್ಕನ ಮನೆಯಲ್ಲಿ ಯಾರೂ ಕೂತು ಉಣ್ಣುತ್ತಿರಲಿಲ್ಲ, ಯಾರೂ ಪೂರ್ತಿ ನಿದ್ದೆ ಮಾಡುತ್ತಿರಲಿಲ್ಲ. ಮಗ ಮೇವು ಹರಡುತ್ತಿದ್ದ. ಸೊಸೆ ತೊಟ್ಟಿಗೆ ನೀರು ಹೊಯ್ಯುತ್ತಿದ್ದಳು. ಅಕ್ಕ ಮೂಲೆಯಲ್ಲಿ ಮೊಣಕಾಲೂರಿ, ಆಗತಾನೇ ಪ್ರಾಣ ಬಿಟ್ಟ ಕುರಿಯ ಪಕ್ಕದಿಂದ ಬದುಕಿದ ಮರಿಯನ್ನು ಎತ್ತಿ, ಅದರ ಮೂಗಿಗೆ ಕಟ್ಟಿದ ಲೋಳೆಯನ್ನು ಬೆರಳಿನಿಂದ ತೆಗೆಯುತ್ತಿದ್ದಳು.

ಮರಿಯನ್ನು ಶಾಲಿನಲ್ಲಿ ಸುತ್ತಿ ಒಲೆಯ ಪಕ್ಕ ಇಟ್ಟಳು. ಬಾಟಲಿಯ ಹಾಲು ತುಟಿಗೆ ಹಿಡಿದರೆ ಅದು ಮುಖ ತಿರುಗಿಸಿತು. ಬಲವಂತವಾಗಿ ಬಿಟ್ಟ ಹಾಲು ಗಂಟಲಿಗಿಳಿಯದೆ ಕಟಬಾಯಿಂದ ಹೊರಗೆ ಬಂತು. ಮನೆಯ ಬೇರೆ ಕುರಿಗಳಿಗೆಲ್ಲ ಅವುಗಳದೇ ಮರಿಗಳು. ಒಂದಂತೂ ಅವಳಿ ಹಾಕಿ ತನ್ನ ಎರಡನೆಯದನ್ನೇ ಒದೆಯುತ್ತಿತ್ತು.

ಸೊಸೆ ಬಕೆಟ್ ಕೆಳಗಿಟ್ಟು ಬಾಗಿಲಲ್ಲಿ ನಿಂತಳು. ಹೇಳಬೇಕಾದ್ದನ್ನು ಹೇಗೆ ಹೇಳುವುದೆಂದು ಯೋಚಿಸುತ್ತಿದ್ದಾಳೆಂದು ಅವಳ ನಿಂತ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಅತ್ತೆ, ಚಿಕ್ಕತ್ತೆ ಮನೆ ಕುರಿದು ಮರಿ ಸತ್ತಿದೆಯಂತೆ. ಕೆಚ್ಚಲು ತುಂಬಿ ಬಿರೀತಾ ಇದೆಯಂತೆ."

"ಹೂಂ."

"ಈ ಮರೀನ ಕಳಿಸ್ಕೊಡಿ ಅಂತ ಹೇಳಿಕಳಿಸಿದಾರೆ. ಇವತ್ತು ಆ ಪುಸ್ತಕದವರು ಬರ್ತಾರಲ್ಲ, ಅವರೆದುರಿಗೆ ತೊಗಲು ತೊಡಿಸಿ ತೋರಿಸ್ತಾರಂತೆ. ಕಥೇಲಿ ಇದ್ದ ಹಾಗೇನೇ."

"ಯಾರು ತೊಡಿಸೋದು? ಅವಳಾ?" ಅಕ್ಕ ಮರಿಯ ಬೆನ್ನು ತಿಕ್ಕುತ್ತಲೇ ಅಂದಳು. "ಅವಳು ಹುಟ್ಟಿದಾಗಿನಿಂದ ಒಂದು ಇಲಿ ತೊಗಲೂ ಬಿಡಿಸಿದವಳಲ್ಲ."

ಸೊಸೆ ನಗು ನುಂಗಿಕೊಂಡು ಬಕೆಟ್ ಎತ್ತಿಕೊಂಡಳು.

ಊರೆಲ್ಲ ಇವಳನ್ನು ಅಕ್ಕ ಎಂದೇ ಕರೆಯುತ್ತಿತ್ತು. ವಯಸ್ಸಿಗೋ ಹಿರಿತನಕ್ಕೋ ಬಂದ ಹೆಸರಲ್ಲ ಅದು. ಮಿಡತೆಯ ಅಕ್ಕ ಎನ್ನುವುದರಲ್ಲಿ ಮೊದಲಿನ ಅರ್ಧ ಸವೆದುಹೋಗಿ ಉಳಿದದ್ದು. ಮಿಡತೆ ಅವಳ ತಂಗಿ. ಚಿಕ್ಕಂದಿನಲ್ಲಿ ಒಂದು ಕಡೆ ನಿಲ್ಲುತ್ತಿರಲಿಲ್ಲವೆಂದು ಅಪ್ಪ ಇಟ್ಟ ಅಡ್ಡಹೆಸರು. ಈಗ ಅವಳು ಕುರ್ಚಿಯಿಂದ ಎದ್ದರೆ ಕುರ್ಚಿಯೂ ಜೊತೆಗೆ ಏಳುತ್ತಿತ್ತು, ಆದರೂ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಬಿಡುವುದಾದರೂ ಹೇಗೆ? ಆ ಹೆಸರು ಅಚ್ಚಾಗಿತ್ತು.

ಅವರಿಬ್ಬರೂ ಇನ್ನೂ ಲಂಗ ಎತ್ತಿಕೊಂಡು ಓಡಾಡುತ್ತಿದ್ದ ಕಾಲದಲ್ಲಿ ಅಪ್ಪನ ಮನೆಯ ಮಹಡಿಯ ಕೋಣೆಯಲ್ಲಿ ಒಬ್ಬ ಮೇಷ್ಟ್ರು ಬಾಡಿಗೆಗಿದ್ದರು. ಅವರು ಊರು ಬಿಟ್ಟುಹೋದ ಮೇಲೆ ಮಕ್ಕಳಿಗೊಂದು ಕಥೆ ಬರೆದರು, 'ಸಾಲದ ಅಂಗಿ' ಎಂದು. ಆ ಪುಸ್ತಕ ನೋಡದ ಮಗು ಈಗ ದೇಶದಲ್ಲಿ ಇರಲಿಕ್ಕಿಲ್ಲ. ತಾಯಿಯಿಲ್ಲದ ಕುರಿಮರಿಯೊಂದು ಹಸಿದು ಕುರಿಯಿಂದ ಕುರಿಗೆ ಹೋಗುತ್ತದೆ. ಎಲ್ಲವೂ ಅದನ್ನು ಓಡಿಸುತ್ತವೆ. ಆಗ ಮಿಡತೆ ಎಂಬ ಪುಟ್ಟ ಹುಡುಗಿ ಗುಡ್ಡಕ್ಕೆ ಆಡಲು ಹೋದ ಇನ್ನೊಂದು ಮರಿಯ ಬಿಳಿ ಅಂಗಿಯನ್ನು ಸಾಲ ತಂದು ಇದಕ್ಕೆ ತೊಡಿಸುತ್ತಾಳೆ. ಆಡಲು ಹೋದ ಮರಿಯ ತಾಯಿ ಅಂಗಿಯನ್ನು ಮೂಸಿ, ನನ್ನ ಕಂದ ಎಂದು ಹಾಲು ಕೊಡುತ್ತಾಳೆ. ಕಡೆಯ ಪುಟದಲ್ಲಿ ಮಿಡತೆ ಹುಲ್ಲಿನಲ್ಲಿ ಮಲಗಿ ನಗುತ್ತಿರುವ ಚಿತ್ರ. ಅಂಗಿ ಕೊಟ್ಟ ಮರಿ ಯಾವಾಗ ವಾಪಸು ಬಂತು, ಬಂದು ಏನು ತೊಟ್ಟಿತು ಎಂದು ಯಾವ ಮಗುವೂ ಕೇಳಲಿಲ್ಲ.

ಅಂಗಿ ಎಲ್ಲಿಂದ ಬಂತೆಂದು ಅಕ್ಕನಿಗೆ ಗೊತ್ತಿತ್ತು. ಆ ದಿನ ಅಪ್ಪ ಮಂದೆಯ ಜೊತೆ ದೂರ ಹೋಗಿದ್ದ, ಅಮ್ಮ ಜ್ವರದಲ್ಲಿ ಮಲಗಿದ್ದಳು. ಸತ್ತ ಮರಿಯ ತೊಗಲು ಸುಲಿದು ತಬ್ಬಲಿ ಮರಿಗೆ ತೊಡಿಸಿದರೆ ತಾಯಿಕುರಿ ವಾಸನೆಗೆ ಮೋಸಹೋಗಿ ಹಾಲು ಬಿಡುತ್ತದೆ. ಕುರಿ ಸಾಕುವವರೆಲ್ಲ ಮಾಡುವ ಕೆಲಸ. ಅಪ್ಪ ಮಾಡುವುದನ್ನು ನೋಡಿ ಕಲಿತದ್ದನ್ನು ಅವಳು ಅಂದು ಮೊದಲ ಸಲ ಒಬ್ಬಳೇ ಮಾಡಿದ್ದಳು. ಮೇಷ್ಟ್ರು ದೊಡ್ಡಿಯ ಮುಚ್ಚಿದ ಬಾಗಿಲಾಚೆ ನಿಂತು, "ಏನಮ್ಮ ಮಾಡ್ತಿದೀಯ?" ಎಂದು ಕೇಳಿದಾಗ ಅವಳ ಎರಡೂ ಕೈ ತೊಗಲಿನೊಳಗಿದ್ದವು; ಚಾಕು ಹಲ್ಲುಗಳ ನಡುವೆ ಇತ್ತು. ಗೋಡೆಯ ಮೇಲೆ ಕಾಲಾಡಿಸುತ್ತ ಕೂತಿದ್ದ ಮಿಡತೆ ಅವಳ ಪರವಾಗಿ ಉತ್ತರ ಕೊಟ್ಟಳು. ಅಂದಿನಿಂದ ಕೊಡುತ್ತಲೇ ಇದ್ದಳು.

ಪುಸ್ತಕ ಮೊದಲ ಸಲ ಮನೆಗೆ ಬಂದಾಗ ಅಕ್ಕ ಅದನ್ನು ಅಟ್ಟದ ಮೇಲೆ ಕೂತು ಓದಿದ್ದಳು. ಮುಗಿದ ಮೇಲೆ, ಎಲ್ಲೋ ಎರಡು ಹಾಳೆ ಅಂಟಿಕೊಂಡಿರಬಹುದೆಂದು ಬೆರಳು ಒದ್ದೆ ಮಾಡಿಕೊಂಡು ಒಂದೊಂದನ್ನೇ ಬಿಡಿಸಿ ನೋಡಿದಳು. ಅಂಟಿಕೊಂಡಿರಲಿಲ್ಲ. ಮಿಡತೆಗೆ ಅಪ್ಪ ಇದ್ದ, ಅಮ್ಮ ಇದ್ದಳು, ಬಾಲ ತುಂಡಾದ ಒಂದು ನಾಯಿ ಕೂಡ ಇತ್ತು. ಅಕ್ಕ ಇರಲಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕೆಸರಾದ ಕೈ ಒಬ್ಬಳದು, ಮೊಸರಾದ ಬಾಯಿ ಇನ್ನೊಬ್ಬಳದು. ಶಾಲೆಯ ಮಕ್ಕಳು ಸಾಲುಕಟ್ಟಿ ಬರುತ್ತಿದ್ದದ್ದು ತಂಗಿಯ ಮನೆಗೆ. ಅವರು ಬೇಲಿಯಾಚೆ ದೊಡ್ಡಿ ಗುಡಿಸುತ್ತಿದ್ದ ಅಕ್ಕನನ್ನು ನೋಡಿ, ದಾರಿ ತಪ್ಪಿದವರಂತೆ, "ಅಜ್ಜಿ, ಮಿಡತೆ ಮನೆ ಯಾವುದು?" ಎಂದು ಕೇಳುತ್ತಿದ್ದರು. ಅಕ್ಕ ಪೊರಕೆಯಿಂದ ತೋರಿಸುತ್ತಿದ್ದಳು. ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡು ಬದುಕುವುದು ಅಭ್ಯಾಸವಾದರೆ ಚಳಿಗಾಲ ಬೇಗ ಕಳೆಯುತ್ತದೆ ಎಂದು ಅವಳೇ ಒಮ್ಮೆ ಸೊಸೆಗೆ ಹೇಳಿದ್ದಳು.

ಈಗ ಆ ಪುಸ್ತಕವನ್ನು ಹೊಸದಾಗಿ ಅಚ್ಚು ಹಾಕುತ್ತಿದ್ದರು. ಕಥೆ ಹುಟ್ಟಿದ ಜಾಗದ ಬಗ್ಗೆ ಮೊದಲ ಕೆಲವು ಪುಟಗಳಲ್ಲಿ ಬರೆಯುತ್ತಾರೆಂದು, ಅದಕ್ಕಾಗಿಯೇ ಇಂದು ಜನ ಬರುತ್ತಾರೆಂದು ಸುದ್ದಿಯಿತ್ತು. ಅಂದು ತೊಗಲು ಬಿಡಿಸಿದ್ದು ನಾನು. ಇಷ್ಟೇ ಮಾತು. ಅಕ್ಕ ಅದನ್ನು ಕೆಲವು ದಿನಗಳಿಂದ ಮೇವು ಹಾಕುವಾಗ, ಗೊಬ್ಬರ ಬಳಿಯುವಾಗ ಬಾಯೊಳಗೇ ಹೇಳಿ ನೋಡುತ್ತಿದ್ದಳು. ಆ ಪುಟಗಳಲ್ಲಿ ಒಂದು ಸಾಲು ಸಾಕಿತ್ತು ಅವಳಿಗೆ.

ಮರಿ ಸಣ್ಣಗೆ ಒಮ್ಮೆ ಕೂಗಿತು. ಅಕ್ಕ ಶಾಲು ಬಿಗಿದುಕೊಂಡು ಎದ್ದಳು.

"ಕಳಿಸೋದೇನು? ನಾನೇ ತಗೊಂಡು ಹೋಗ್ತೀನಿ."

ತಂಗಿಯ ಅಂಗಳ ಗುಡಿಸಿ ನೀರು ಚಿಮುಕಿಸಿದ್ದರು. ದೊಡ್ಡಿಯೊಳಗೆ ಹೊಸ ಹುಲ್ಲು ಹಾಸಿತ್ತು. ಕುರಿಗಳಿಗಲ್ಲ, ಬಂದವರ ಬೂಟಿಗೆ. ಮಿಡತೆ ಒಗೆದ ಬಟ್ಟೆ ಉಟ್ಟು, ತಲೆ ಬಾಚಿ, ಕುರ್ಚಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಮೊಣಕಾಲ ಮೇಲೆ ಧ್ವನಿಮುದ್ರಣದ ಸಣ್ಣ ಯಂತ್ರ ಇಟ್ಟುಕೊಂಡ ಹೆಂಗಸು. ಸಣ್ಣ ವಯಸ್ಸು, ಕಣ್ಣಲ್ಲಿ ಪ್ರೀತಿ. ಅವಳ ಜೊತೆ ಬಂದ ಫೋಟೋದವನು ಗೋಡೆಗೊರಗಿ ಬೆಳಕು ನೋಡುತ್ತಿದ್ದ. ತಂಗಿಯ ಮಗ ಒಂದು ಮೂಲೆಯಲ್ಲಿ ಮರಿ ಸತ್ತ ಕುರಿಯನ್ನು ಹಿಡಿದುಕೊಂಡು ನಿಂತಿದ್ದ.

"ಬಾ ಅಕ್ಕ, ಬಾ. ನಿನ್ನನ್ನೇ ಕಾಯ್ತಾ ಇದ್ವಿ," ಎಂದಳು ಮಿಡತೆ, ಶಾಲಿನೊಳಗಿನ ಮರಿಯನ್ನು ನೋಡುತ್ತ.

"ಇವರು?" ಎಂದಳು ಪುಸ್ತಕದವಳು.

"ನಮ್ಮಕ್ಕ. ಪಕ್ಕದ ಮನೆ. ಮರಿ ಇವಳದ್ದು."

"ಓ, ಮರಿ ತಂದವರಾ? ತುಂಬ ಉಪಕಾರ ಆಯ್ತಮ್ಮ."

ಬಾಯೊಳಗೆ ಸಿದ್ಧವಾಗಿದ್ದ ಮಾತು ಅಲ್ಲೇ ಹೆಪ್ಪುಗಟ್ಟಿತು. ಮರಿ ತಂದವಳು. ಅಕ್ಕ ತಲೆಯಾಡಿಸಿ ಗೋಡೆಯ ಕಡೆ ಸರಿದಳು.

ಮಿಡತೆ ಕಥೆ ಮುಂದುವರಿಸಿದಳು. ಅವಳ ಮಾತು ಕೇಳುವುದೆಂದರೆ ಬಿಸಿಲಲ್ಲಿ ಬೆನ್ನು ಕಾಯಿಸಿಕೊಂಡ ಹಾಗೆ. ಅದನ್ನು ಅಕ್ಕನೂ ಒಪ್ಪಬೇಕಾಗಿತ್ತು. ಮೇಷ್ಟ್ರ ಕೆಮ್ಮು, ಕನ್ನಡಕಕ್ಕೆ ಅವರು ಕಟ್ಟಿಕೊಂಡಿದ್ದ ದಾರ, ಮೆಟ್ಟಿಲಿಳಿಯುವಾಗ ಒಂದೊಂದು ಮೆಟ್ಟಿಲಿಗೂ ಅವರು ಬೈಯುತ್ತಿದ್ದದ್ದು. ಎಲ್ಲ ನಿಜ. ಪುಸ್ತಕದವಳು ಬಾಯಿ ಸ್ವಲ್ಪ ತೆರೆದುಕೊಂಡೇ ಕೇಳುತ್ತಿದ್ದಳು. ಫೋಟೋದವನಿಗೂ ನಗು ಬಂತು.

"ಈಗ ಅಂಗಿ ತೊಡಿಸೋಣ. ಏ ಮಗ, ತಾರೋ."

ಮಗ ಒಳಗಿಂದ ತೊಗಲನ್ನು ಟವೆಲಿನ ಮೇಲೆ ಹಾಕಿಕೊಂಡು ಬಂದ. ಫೋಟೋದವನು ಕ್ಯಾಮೆರಾ ಎತ್ತಿದ. ತೊಗಲು ಮಲ್ಲಿಗೆಯಷ್ಟು ಬೆಳ್ಳಗಿತ್ತು. ರಕ್ತದ ಕಲೆಯಿಲ್ಲ, ಲೋಳೆಯಿಲ್ಲ, ಉಣ್ಣೆ ಉಬ್ಬಿಕೊಂಡು ಪುಸ್ತಕದ ಚಿತ್ರದಲ್ಲಿದ್ದ ಹಾಗೇ ಇತ್ತು.

ಅಕ್ಕನ ಮೂಗಿಗೆ ಸಾಬೂನಿನ ವಾಸನೆ ಬಡಿಯಿತು.

ತೊಳೆದಿದ್ದಾಳೆ. ಪೇಟೆಯವರ ಎದುರಿಗೆ ಗಲೀಜು ಬೇಡವೆಂದು, ಫೋಟೋ ಚೆನ್ನಾಗಿ ಬರಲೆಂದು, ಸಾಬೂನು ಹಾಕಿ ತೊಳೆದು ಒಲೆಯ ಮೇಲೆ ಒಣಗಿಸಿದ್ದಾಳೆ. ಕುರಿಗೆ ಅಂಗಿ ಬೇಕಾಗಿಲ್ಲ, ವಾಸನೆ ಬೇಕು ಎಂಬುದು ಈ ಊರಿನ ತೊಟ್ಟಿಲ ಮಗುವಿಗೂ ಗೊತ್ತು. ಮಿಡತೆಗೂ ಗೊತ್ತಿತ್ತು. ಆದರೆ ಇಷ್ಟು ವರ್ಷ ಅಂಗಿ ಎಂದು ಹೇಳಿ ಹೇಳಿ ಅವಳಿಗೆ ಅದು ಅಂಗಿಯೇ ಆಗಿಹೋಗಿತ್ತು.

ಹೇಳಬೇಕೆಂದು ಅಕ್ಕನ ಗಂಟಲಿಗೆ ಬಂದದ್ದು ಅಲ್ಲೇ ನಿಂತಿತು. ನಿಲ್ಲಲಿ, ಎಂದುಕೊಂಡಳು. ಎದೆಯೊಳಗೆ ಏನೋ ಸಿಹಿಯಾಗಿ ಹರಡಿತು. ನೋಡಲಿ ಎಲ್ಲರೂ. ಮಿಡತೆಯ ಕೈಯಲ್ಲಿ ಏನಿದೆಯೆಂದು ಒಂದು ಸಲ ನೋಡಲಿ.

ಮರಿಗೆ ತೊಗಲು ತೊಡಿಸಿದರು. ಮಿಡತೆ ಕುರ್ಚಿ ಬಿಟ್ಟು ಎದ್ದು, ಮರಿಯನ್ನು ಕುರಿಯ ಮುಂದೆ ಬಿಟ್ಟು, ಕ್ಯಾಮೆರಾದ ಕಡೆ ಮುಖ ಮಾಡಿ ನಿಂತಳು. ಕುರಿ ಮೂಸಿತು. ಇನ್ನೊಮ್ಮೆ ಮೂಸಿತು. ಮುಂಗಾಲಿನಿಂದ ನೆಲ ಒದ್ದು, ತಲೆ ತಗ್ಗಿಸಿ ಮರಿಯನ್ನು ಹಾಯ್ದು ಉರುಳಿಸಿತು.

"ಮೊದಲು ಹೀಗೇ ಮಾಡೋದು," ಎಂದು ಮಿಡತೆ ನಕ್ಕಳು. "ಕಥೇಲೂ ಎಲ್ಲರೂ ಓಡಿಸ್ತಾರಲ್ಲ? ಬಿಗುಮಾನ. ಅತ್ತೆ ಮನೆಗೆ ಬಂದ ಹೊಸ ಸೊಸೇನ ನೋಡೋ ಹಾಗೆ."

ಎಲ್ಲರೂ ನಕ್ಕರು. ಮತ್ತೆ ಬಿಟ್ಟರು. ಕುರಿ ಮತ್ತೆ ಹಾಯಿತು. ಮರಿ ಗೋಡೆಗೆ ತಗಲಿ ಬಿತ್ತು. ಮಿಡತೆಯ ನಗು ಮುಖದಲ್ಲೇ ಉಳಿದಿತ್ತು, ಆದರೆ ಮಾತು ನಿಂತಿತ್ತು. ಅಕ್ಕ ಅದನ್ನು ನೋಡಿದಳು. ಕಣ್ಣು ತುಂಬ ನೋಡಿದಳು. ತಂಗಿಯ ಬಾಯಿ ಖಾಲಿಯಾದದ್ದನ್ನು ಜನ್ಮದಲ್ಲಿ ಮೊದಲ ಸಲ ನೋಡುತ್ತಿದ್ದಳು.

"ಇನ್ನೊಂದ್ಸಲ," ಎಂದಳು ಮಿಡತೆ.

ಈ ಸಲ ಬಿದ್ದ ಮರಿ ಏಳಲಿಲ್ಲ. ಬಿಳಿಯ ಅಂಗಿಯೊಳಗೆ ಅದರ ಪಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು; ಕೂಗಲು ಬಾಯಿ ತೆರೆದರೆ ದನಿ ಬರಲಿಲ್ಲ. ಆಗ ಅಕ್ಕನಿಗೆ ತಾನು ಏನು ಮಾಡುತ್ತಿದ್ದೇನೆಂದು ತಿಳಿಯಿತು. ಬೆಳಗ್ಗೆ ಬೆರಳು ಹಾಕಿ ಉಸಿರು ಬಿಡಿಸಿದ ಮರಿ. ತಂಗಿಯ ಮುಖ ಬಾಡುವುದನ್ನು ನೋಡಲು ಅದನ್ನು ಸಾಯಲು ಬಿಟ್ಟು ಗೋಡೆಗೊರಗಿ ನಿಂತಿದ್ದಳು.

"ಆ ಹೆಣ ಎಲ್ಲಿ ಹಾಕಿದೀಯ?" ಎಂದು ತಂಗಿಯ ಮಗನನ್ನು ಕೇಳಿದಳು. ದನಿ ಒರಟಾಗಿ ಬಂತು.

"ಹಿಂದೆ, ಬುಟ್ಟಿ ಕೆಳಗೆ ದೊಡ್ಡಮ್ಮ."

"ಮಾಸು?"

"ಅದೂ ಅಲ್ಲೇ ಇದೆ."

"ತಗೊಂಡು ಬಾ. ಎರಡನ್ನೂ. ಓಡು."

ಅವಳು ಬಿಳಿಯ ತೊಗಲನ್ನು ಕಿತ್ತು ಮೂಲೆಗೆಸೆದಳು. ಸುಲಿದ ಮರಿಯ ಮೈಯ ನೀರನ್ನೂ ರಕ್ತವನ್ನೂ, ಹೆತ್ತಾಗ ಬಿದ್ದ ಮಾಸಿನ ಲೋಳೆಯನ್ನೂ ಅಂಗೈಯಲ್ಲಿ ಬಳಿದು ತಬ್ಬಲಿ ಮರಿಯ ನೆತ್ತಿಗೆ, ಬೆನ್ನಿಗೆ, ಬಾಲದ ಬುಡಕ್ಕೆ ಸವರಿದಳು. ಬಾಲದ ಬುಡದಲ್ಲಿ ಎರಡು ಸಲ ಸವರಿದಳು. ಹಾಲು ಕುಡಿಯುವಾಗ ತಾಯಿ ಮೂಸುವುದು ಅಲ್ಲೇ. ಫೋಟೋದವನು ಕ್ಯಾಮೆರಾ ಇಳಿಸಿ ಹೊರಗೆ ನೋಡತೊಡಗಿದ. ಪುಸ್ತಕದವಳ ಮುಖ ಬಿಳಿಚಿಕೊಂಡಿತ್ತು, ಆದರೆ ಅವಳು ಕಣ್ಣು ತೆಗೆಯಲಿಲ್ಲ.

ಅಕ್ಕ ಕುರಿಯ ಕತ್ತನ್ನು ತೊಡೆಗೆ ಒತ್ತಿ ಹಿಡಿದು, ಮೊಲೆ ಹಿಂಡಿ, ನಾಲ್ಕು ಹನಿ ಮರಿಯ ನಾಲಿಗೆಗೆ ಬೀಳಿಸಿದಳು. ಮರಿ ನೆಕ್ಕಿತು. ಬಾಯಿಟ್ಟಿತು. ಕುರಿ ಕತ್ತು ತಿರುಗಿಸಿ ಬಾಲದ ಬುಡ ಮೂಸಿತು. ಬಹಳ ಹೊತ್ತು ಮೂಸಿತು. ಆಮೇಲೆ ಗಂಟಲಿನೊಳಗೆ, ತಾಯಿಕುರಿ ಮರಿಯ ಹತ್ತಿರ ಮಾತ್ರ ಮಾಡುವ ಸಣ್ಣ ಸದ್ದು ಮಾಡಿ, ನೆಕ್ಕತೊಡಗಿತು. ಅಕ್ಕ ಮೆಲ್ಲಗೆ ಕೈ ಬಿಟ್ಟಳು. ಕುರಿ ಅಲುಗಲಿಲ್ಲ. ಮರಿಯ ಬಾಲ ಅಲುಗುತ್ತಿತ್ತು.

"ಇದನ್ನ ನಿಮಗೆ ಯಾರು ಹೇಳಿಕೊಟ್ರಮ್ಮ?" ಎಂದಳು ಪುಸ್ತಕದವಳು, ದನಿ ತಗ್ಗಿಸಿ.

"ನಮ್ಮಪ್ಪ. ಅವತ್ತು ತೊಗಲು ಬಿಡಿಸಿದ್ದು ನಾನು."

ಬಂದೇಬಿಟ್ಟಿತು ಮಾತು. ಪುಸ್ತಕದವಳು ಯಂತ್ರವನ್ನು ಅಕ್ಕನ ಕಡೆ ಹಿಡಿದು, "ಹೇಳಿ. ಅವತ್ತು ಏನಾಯ್ತು ಅಂತ ಪೂರ್ತಿ ಹೇಳಿ," ಎಂದಳು.

ಅಕ್ಕ ಕೈಯನ್ನು ಹುಲ್ಲಿಗೆ ಒರೆಸಿಕೊಂಡಳು.

"ಒಂದು ಮರಿ ಸತ್ತಿತ್ತು. ಒಂದು ಇತ್ತು. ಸತ್ತದ್ದರ ತೊಗಲು ಇದ್ದದ್ದಕ್ಕೆ ಹಾಕಿದೆ. ಕುರಿ ಹಾಲು ಕೊಡ್ತು."

ಪುಸ್ತಕದವಳು ಕಾದಳು. ಯಂತ್ರದ ಸಣ್ಣ ಕೆಂಪು ದೀಪವೂ ಕಾಯುತ್ತಿತ್ತು. ಅಕ್ಕ ಇನ್ನೇನಾದರೂ ಇದೆಯೇ ಎಂದು ತನ್ನೊಳಗೆ ಹುಡುಕಿದಳು. ಇಷ್ಟು ವರ್ಷ ಬೆಂಕಿಯ ಹಾಗೆ ಕಾಪಾಡಿಕೊಂಡು ಬಂದದ್ದು ನಾಲ್ಕು ಮಾತಿಗೆ ಮುಗಿದುಹೋಗಿತ್ತು.

"ಶಾಲಿನ ವಿಷಯ ಹೇಳಲ್ವಾ?" ಎಂದಳು ಮಿಡತೆ, ಕುರ್ಚಿಯಿಂದ.

"ಯಾವ ಶಾಲು?"

"ಇವಳು ಹೇಳಲ್ಲ, ನಾನು ಹೇಳ್ತೀನಿ ಕೇಳಿ," ಎಂದು ಮಿಡತೆ ಪುಸ್ತಕದವಳ ಕಡೆ ತಿರುಗಿದಳು. "ಆಯ್ತಲ್ಲ, ಆ ಮರಿ ಹಾಲು ಕುಡೀತು. ಮೇಷ್ಟ್ರು ಮೇಲೆ ಹೋದ್ರು. ಇವಳು ಸುಲಿದ ಮರೀನ ಹೂಳೋಕೆ ತಗೊಂಡು ಹೋದ್ಲು. ನಾನೂ ಹಿಂದೆ ಹೋದೆ, ಇವಳಿಗೆ ಗೊತ್ತಾಗ್ದ ಹಾಗೆ. ಗುಂಡಿ ತೋಡಿದ್ಲು. ಮರೀನ ಇಡೋಕೆ ಹೋದ್ಲು, ಇಡ್ಲಿಲ್ಲ. ಮೈಮೇಲೆ ಏನೂ ಇಲ್ವಲ್ಲ ಅದಕ್ಕೆ. ಮಂಜು ಬೀಳೋ ಚಳಿ. ಸುಮಾರು ಹೊತ್ತು ಹಾಗೇ ಕೂತಿದ್ಲು. ಆಮೇಲೆ ತನ್ನ ಶಾಲು ಬಿಚ್ಚಿ ಅದಕ್ಕೆ ಸುತ್ತಿ, ಮುಖ ಕಾಣೋ ಹಾಗೆ ಮಡಿಸಿ, ಗುಂಡಿಗಿಟ್ಟು ಮಣ್ಣು ಮುಚ್ಚಿದ್ಲು. ಶಾಲು ಹೊಸದು. ಅಮ್ಮ ಕಳಕೊಂಡ್ಯಾ ಅಂತ ಹೊಡೆದ್ರು. ಇವಳು ಹೌದು ಅಂದ್ಲು. ಆ ಚಳಿಗಾಲ ಮುಗಿಯೋ ತನಕ ಅಪ್ಪನ ಗೋಣಿಚೀಲ ಹೊದ್ದುಕೊಂಡು ಓಡಾಡಿದ್ಲು."

ಪುಸ್ತಕದವಳ ಕಣ್ಣು ಒದ್ದೆಯಾಗಿತ್ತು. ಅವಳು ಅಕ್ಕನ ಕಡೆ ನೋಡಿದಳು, ಮರಿ ತಂದವಳನ್ನು ನೋಡಿದ ಹಾಗಲ್ಲ.

"ಮೇಷ್ಟ್ರಿಗೆ ಇದನ್ನ ಹೇಳಿರಲಿಲ್ವಾ?"

"ಹೇಗೆ ಹೇಳ್ಲಿ? ಅವರ ಬಾಯಿ ತೂತಿನ ಮಡಕೆ. ಅಮ್ಮನಿಗೆ ಮುಟ್ಟಿದ್ರೆ ಇವಳಿಗೆ ಇನ್ನೊಂದು ಸುತ್ತು. ಅಕ್ಕ ಎಲ್ಲಿ, ಎಲ್ಲಿಗೆ ಹೋದ್ಲು ಅಂತ ಅವರು ಕೇಳ್ತಾನೇ ಇದ್ರು. ಅಕ್ಕನ ಮಾತು ತೆಗೆದ್ರೆ ಶಾಲಿನ ಮಾತು ಬಾಯಿಗೆ ಬರ್ತಿತ್ತು. ಅಕ್ಕ ಇರಲೇ ಇಲ್ಲ, ಎಲ್ಲ ನಾನೇ ಮಾಡಿದ್ದು ಅಂದುಬಿಟ್ಟೆ."

ಅಕ್ಕ ಹುಲ್ಲಿನ ಮೇಲೆ ಕೂತಿದ್ದಳು. ಶಾಲಿನ ಸಂಗತಿ ನಿಜ. ಮಂಜು, ಗುಂಡಿಯ ಅಂಚು, ಮರಿಯ ನೀಲಿ ಬಣ್ಣದ ಬೆತ್ತಲೆ ಮೈ, ಎಲ್ಲವೂ ನಿಜ. ಅವಳು ಅದನ್ನು ಎಲ್ಲೋ ಇಟ್ಟು ಮರೆತಿದ್ದಳು. ಈಗ ತಂಗಿಯ ಬಾಯಲ್ಲಿ ಕೇಳಿದಾಗ ಅದು ನಡೆದದ್ದಕ್ಕಿಂತ ಚೆನ್ನಾಗಿತ್ತು. ಅವಳಿಗೆ ಸಂತೋಷವಾಗಬೇಕಿತ್ತು. ಬಂದದ್ದು ಮತ್ತೆ ಅದೇ ಕೆಂಡ. ತನ್ನ ಶಾಲು, ತನ್ನ ಚಳಿ, ತಾನು ತಿಂದ ಏಟು, ಅದನ್ನೂ ಅವಳೇ ಹೇಳಬೇಕಾಯಿತು.

ಬಂದವರು ಹೋದ ಮೇಲೆ ದೊಡ್ಡಿಯಲ್ಲಿ ಇಬ್ಬರೇ ಉಳಿದರು. ಮರಿ ಹೊಟ್ಟೆ ತುಂಬಿ ಕುರಿಯ ಪಕ್ಕೆಗೊರಗಿತ್ತು.

"ಸಾಬೂನು ಹಾಕಿದ್ದು ನಿನಗೆ ಮೊದಲೇ ಗೊತ್ತಾಯ್ತು," ಎಂದಳು ಮಿಡತೆ.

"ಗೊತ್ತಾಯ್ತು."

"ಸುಮ್ನೆ ನೋಡ್ತಾ ನಿಂತಿದ್ದೆ."

"ನಿಂತಿದ್ದೆ." ಅಕ್ಕ ತಲೆಯೆತ್ತಲಿಲ್ಲ. "ಅಮ್ಮ ಹೋಗಿ ಎಷ್ಟೋ ವರ್ಷ ಆಯ್ತು. ಆಮೇಲಾದ್ರೂ ಹೇಳಬಹುದಾಗಿತ್ತಲ್ಲ."

ಮಿಡತೆ ಮರಿಯ ಕಡೆ ನೋಡಿದಳು. "ಆಮೇಲೆ ಅಭ್ಯಾಸ ಆಗಿಹೋಯ್ತು ಅಕ್ಕ. ಮಕ್ಕಳು ನನ್ನ ನೋಡೋಕೆ ಬರ್ತಿದ್ವು. ಅವಕ್ಕೆ ಇಬ್ಬರು ಬೇಕಾಗಿರಲಿಲ್ಲ." ಎದ್ದು ಬಟ್ಟೆ ಕೊಡವಿಕೊಂಡಳು. "ಮರಿ ದೊಡ್ಡದಾಗೋ ತನಕ ಇಲ್ಲೇ ಇರಲಿ. ಹಾಲು ನನ್ನ ಕುರಿದು, ಮೊದಲ ಉಣ್ಣೆ ನಂಗೆ ಬರಬೇಕು. ಅಕ್ಕ ತಂಗಿ ಅಂತ ಬಿಡೋಳಲ್ಲ ನಾನು."

"ಬಿಡು ಅಂತ ಕೇಳಿದೋರು ಯಾರು?" ಎಂದಳು ಅಕ್ಕ.

ಕುರಿ ಸಾಕುವವರಲ್ಲಿ ಲೆಕ್ಕ ಹಾಗೇ. ಒಬ್ಬರ ತಬ್ಬಲಿಯನ್ನು ಇನ್ನೊಬ್ಬರ ಕುರಿ ಸಾಕಿದರೆ ಮರಿ ಅದರ ಒಡೆಯರದು, ಮೊದಲ ಉಣ್ಣೆ ಹಾಲು ಕೊಟ್ಟವರದು.

ಉಣ್ಣೆ ಕತ್ತರಿಸುವ ಕಾಲ ಬಂತು. ಸೆಕೆಯಲ್ಲಿ ದೊಡ್ಡಿಯ ಬಾಗಿಲುಗಳೆಲ್ಲ ತೆರೆದಿದ್ದವು. ಅಕ್ಕ ಆ ಮರಿಯ ಉಣ್ಣೆಯನ್ನು ಬೇರೆ ಯಾರ ಕೈಗೂ ಕೊಡದೆ ತಾನೇ ಕತ್ತರಿಸಿ, ಮುಳ್ಳು ಕಡ್ಡಿ ಆರಿಸಿ, ಬಟ್ಟೆಯಲ್ಲಿ ಕಟ್ಟಿಕೊಂಡು ಬೇಲಿ ದಾಟಿದಳು. ಮಿಡತೆ ಗಂಟು ಬಿಚ್ಚಿ ಬೆರಳಲ್ಲಿ ಎಳೆದು ನೋಡಿದಳು.

"ಹೊಟ್ಟೆ ಕಡೇದು ಸ್ವಲ್ಪ ಒರಟು."

"ಕುಡಿದ ಹಾಲಿನ ಹಾಗೆ ಉಣ್ಣೆ."

ಮಿಡತೆ ಗಟ್ಟಿಯಾಗಿ ನಕ್ಕಳು. ಆಮೇಲೆ, "ಆ ಪುಸ್ತಕದ ಹುಡುಗಿ ಬರೆದದ್ದನ್ನ ಓದೋಕೆ ಕಳಿಸಿದ್ಲು," ಎಂದಳು. "ಅಂಗಿ ಹೇಗೆ ಬಂತು ಅನ್ನೋದು ಮಕ್ಕಳಿಗೆ ಬೇಡ ಅಂತ ಬಿಟ್ಟಿದಾಳೆ. ನಿನ್ನ ಶಾಲು ಮಾತ್ರ ಇದೆ. ಪೂರ್ತಿ ಒಂದು ಪುಟ. ಓದಿ ಹೇಳ್ಲಾ?"

"ಕೆಲಸ ಇದೆ."

"ಅವತ್ತು ನಾನು ಹೇಳದೆ ಇದ್ದಿದ್ರೆ ನೀನು ನಾಲ್ಕು ಮಾತಲ್ಲಿ ಮುಗಿಸಿಬಿಡ್ತಿದ್ದೆ," ಎಂದಳು ಮಿಡತೆ. ಛೇಡಿಸುವ ದನಿಯಲ್ಲಿ ಶುರುವಾದ ಮಾತು ಅರ್ಧದಲ್ಲಿ ಮೆತ್ತಗಾಗಿತ್ತು. ಉಣ್ಣೆಯನ್ನು ತೊಡೆಯ ಮೇಲಿಟ್ಟುಕೊಂಡು ಅಕ್ಕನ ಮುಖ ನೋಡುತ್ತ ಕೂತಳು. ಏನೋ ಒಂದು ಮಾತಿಗೆ ಕಾಯುತ್ತಿದ್ದಳು.

ಅದು ಯಾವ ಮಾತೆಂದು ಅಕ್ಕನಿಗೆ ಗೊತ್ತಿತ್ತು. ಅಂದು ಇನ್ನೊಂದು ಸುತ್ತಿನ ಏಟು ತಪ್ಪಿಸಿದ್ದಕ್ಕೂ, ಇಂದಿನ ಪುಟಕ್ಕೂ ಸೇರಿ ಒಂದೇ ಮಾತು ಸಾಕಾಗಿತ್ತು.

"ಹಾಲಿನ ಲೆಕ್ಕ ಮುಗೀತು," ಎಂದಳು. ಬಟ್ಟೆಯನ್ನು ಒದರಿ, ಮಡಿಸಿ, ಕಂಕುಳಲ್ಲಿಟ್ಟುಕೊಂಡು ಬೇಲಿಯ ಕಡೆ ನಡೆದಳು. ಇನ್ನೊಂದು ಸಾಲ, ಆ ಮಾತಿನದು, ತನ್ನ ಮೇಲೇ ಇತ್ತು. ಅದನ್ನು ತೀರಿಸುವ ಮನಸ್ಸು ಆ ವರ್ಷ ಅವಳಿಗಿರಲಿಲ್ಲ.